ದಾಖಲೆಯಿಲ್ಲದ ಚಿಪ್ಪಿಗೆ ಹೊರಗಿನ ಮೆಮೊರಿ

ಉಳಿಸಿಟ್ಟ ಧ್ವನಿಯನ್ನು ಬೇಕೆಂದಾಗ ನುಡಿಸುವ ಚಿಪ್ಪುಗಳಿಗೆ ದಕ್ಷಿಣ ಬೆಂಗಳೂರಿನಲ್ಲಿ ಬಿಡುವೆಂಬುದಿಲ್ಲ. ಬಿ.ಟಿ.ಎಂ. ಲೇಔಟಿನ ಅಡ್ಡರಸ್ತೆಗಳಲ್ಲಿ ತರಕಾರಿ ಗಾಡಿಯ ಮೈಕು ಟೊಮೇಟೊ, ಈರುಳ್ಳಿಯ ರೇಟನ್ನು ಒಂದೇ ಧಾಟಿಯಲ್ಲಿ ಕೂಗುತ್ತಿರುತ್ತದೆ. ಗಾಡಿಯವರು ಬಾಯಿಯನ್ನೇ ಬಿಟ್ಟಿರುವುದಿಲ್ಲ. ಜೆ.ಪಿ. ನಗರದ ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಜಾಲರಿ ಬಾಗಿಲಿನ ಲಿಫ್ಟು, ಯಾರಾದರೂ ಬಂದು ಬಾಗಿಲು ಎಳೆಯುವವರೆಗೂ ‘ಪ್ಲೀಸ್ ಕ್ಲೋಸ್ ದ ಡೋರ್’ ಎಂದು ಪೀಡಿಸುತ್ತದೆ. ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಗಳ ಗಲ್ಲಾಪೆಟ್ಟಿಗೆಯ ಪಕ್ಕದ ಸೌಂಡ್‌ಬಾಕ್ಸು ಬಂದ ಹಣವನ್ನು ಕೂಗಿ ಹೇಳುತ್ತದೆ. ಬನಶಂಕರಿಯ ಮನೆಗಳ ದೇವರಕೋಣೆಯಲ್ಲಿ ಮಂತ್ರದ ಪೆಟ್ಟಿಗೆ ಬೆಳಗಿನಿಂದ ರಾತ್ರಿಯವರೆಗೆ ಜಪ ಮಾಡುತ್ತದೆ. ಇವುಗಳ ಒಳಗಿನ ಏರ್ಪಾಟು ಹೆಚ್ಚುಕಡಿಮೆ ಒಂದೇ: ಧ್ವನಿಯನ್ನು ಅಂಕಿಗಳಾಗಿ ಇಟ್ಟುಕೊಳ್ಳುವ ಮೆಮೊರಿ, ಆ ಅಂಕಿಗಳನ್ನು ಬಿಡಿಸಿ ಮತ್ತೆ ಧ್ವನಿಯ ಅಲೆಯಾಗಿಸುವ ಪ್ಲೇಯರ್ ಚಿಪ್ಪು, ಆ ಸಣ್ಣ ಅಲೆಯನ್ನು ಸ್ಪೀಕರಿಗೆ ಸಾಲುವಷ್ಟು ಬಲಪಡಿಸುವ ಆಂಪ್ಲಿಫೈಯರ್.

ಲಿಫ್ಟಿನಂಥ ಕಡೆ ಮೆಮೊರಿಯೂ ಚಿಪ್ಪಿನೊಳಗೇ ಇರುತ್ತದೆ. ಕಾರ್ಖಾನೆಯಲ್ಲಿ ಒಮ್ಮೆ ತುಂಬಿದ ಮಾತೇ ಕೊನೆ. ‘ದಯವಿಟ್ಟು ಬಾಗಿಲು ಹಾಕಿ’ ಎಂದು ಕನ್ನಡದಲ್ಲಿ ಹೇಳಿಸಬೇಕೆಂದು ನಿವಾಸಿಗಳ ಸಂಘ ಠರಾವು ಮಾಡಿದರೂ ಆ ಚಿಪ್ಪು ಕಲಿಯಲಾರದು. ಮಾತು ಬದಲಾಗಬೇಕು, ಉದ್ದವಾಗಬೇಕು, ಭಾಷೆಗಳು ಹೆಚ್ಚಬೇಕು ಎಂದಾಗಲೇ ಮೆಮೊರಿ ಚಿಪ್ಪಿನ ಹೊರಗೆ ಬರಬೇಕಾಗುತ್ತದೆ. ಹಾಗೆ ಹೊರಗೆ ತರಲು ಬೇಕಾದ ಸಾಮಾನು ತೀರಾ ಅಗ್ಗ. ತೊಡಕಿರುವುದು ಬೇರೆ ಕಡೆ. ಈ ಚಿಪ್ಪುಗಳಲ್ಲಿ ಬಹುಪಾಲಿನವಕ್ಕೆ ನಂಬುವಂಥ ದಾಖಲೆಯೇ ಇಲ್ಲ. ಯಾವ ಮೆಮೊರಿ ಹಿಡಿಸುತ್ತದೆ, ಎಷ್ಟು ದೊಡ್ಡದು, ಒಳಗೆ ಯಾವ ಕ್ರಮದಲ್ಲಿ ತುಂಬಬೇಕು ಎಂಬುದನ್ನು ಚಿಪ್ಪಿನಿಂದಲೇ ಬಾಯಿ ಬಿಡಿಸಬೇಕು.

ಎಷ್ಟು ಮೆಮೊರಿ ಬೇಕೆಂಬ ಲೆಕ್ಕ ಸುಲಭ. ಹಾಡಿಗೆ ಸಾಮಾನ್ಯವಾಗಿ ಬಳಸುವ ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3 ಎಂದರೆ ಸೆಕೆಂಡಿಗೆ 16,000 ಬೈಟು. ಅಗ್ಗದ ಪ್ಲೇಯರ್ ಬೋರ್ಡುಗಳ ಮೇಲೆ ಮೊದಲೇ ಕೂತಿರುವ 2 ಮೆಗಾಬೈಟ್ ಮೆಮೊರಿಯಲ್ಲಿ ಅದು ಎರಡು ನಿಮಿಷ ಹನ್ನೊಂದು ಸೆಕೆಂಡಿಗೆ ಮುಗಿದುಹೋಗುತ್ತದೆ. ಬರೀ ಮಾತಾದರೆ ಸ್ಟೀರಿಯೋ ಬೇಡ, ಸೆಕೆಂಡಿಗೆ 32 ಕಿಲೋಬಿಟ್ ಸಾಕು. ಅದೇ 2 ಮೆಗಾಬೈಟಿನಲ್ಲಿ ಎಂಟೂಮುಕ್ಕಾಲು ನಿಮಿಷದಷ್ಟು ಹಿಡಿಸುತ್ತದೆ. ತರಕಾರಿ ಗಾಡಿಗೆ ಇದು ಧಾರಾಳ. ವಿಷ್ಣು ಸಹಸ್ರನಾಮಕ್ಕೆ ಅರ್ಧ ಗಂಟೆ ಹಿಡಿಯುತ್ತದೆಯಾದ್ದರಿಂದ ಮಂತ್ರದ ಪೆಟ್ಟಿಗೆಗೆ ಸಾಲದು.

ಸೌಂಡ್‌ಬಾಕ್ಸಿನ ಲೆಕ್ಕ ಇನ್ನೂ ಸ್ವಾರಸ್ಯದ್ದು. ಬಂದ ಮೊತ್ತ ಯಾವುದೆಂದು ಮೊದಲೇ ಗೊತ್ತಿರುವುದಿಲ್ಲವಾದ್ದರಿಂದ ತುಣುಕುಗಳನ್ನು ಜೋಡಿಸಿ ಹೇಳಿಸಬೇಕು. ಹವ್ಯಾಸಿಯೊಬ್ಬರು ಕನ್ನಡದಲ್ಲಿ ಮೊತ್ತ ಹೇಳುವ ಪೆಟ್ಟಿಗೆಯನ್ನು ತಾವೇ ಕಟ್ಟುವುದಾದರೆ ‘ಮೂರು’ ಮತ್ತು ‘ನೂರು’ ಎಂಬ ಎರಡು ತುಣುಕು ಸೇರಿಸಿ ‘ಮುನ್ನೂರು’ ಮಾಡಲಾಗದು. ಇನ್ನೂರು, ಮುನ್ನೂರು, ಐನೂರು, ಒಂಬೈನೂರು, ಒಂದೊಂದನ್ನೂ ಬೇರೆಯಾಗಿಯೇ ರೆಕಾರ್ಡ್ ಮಾಡಬೇಕು. ಸಾಲದ್ದಕ್ಕೆ ಮೊತ್ತ ಅಲ್ಲಿಗೇ ಮುಗಿದರೆ ‘ಮುನ್ನೂರು’, ಮುಂದುವರಿದರೆ ‘ಮುನ್ನೂರ’. ಮುಗಿದರೆ ‘ಸಾವಿರ’, ಮುಂದುವರಿದರೆ ‘ಸಾವಿರದ’. ಒಂದರಿಂದ ತೊಂಬತ್ತೊಂಬತ್ತರವರೆಗೆ 99 ತುಣುಕು, ನೂರುಗಳಿಗೆ ಎರಡೆರಡರಂತೆ 18, ಸಾವಿರ, ಲಕ್ಷಗಳಿಗೆ ನಾಲ್ಕು, ‘ರೂಪಾಯಿ’ಯೂ ಹಣ ಬಂದಿದೆ ಎನ್ನುವ ಕೊನೆಯ ವಾಕ್ಯವೂ ಸೇರಿ 125ರ ಆಸುಪಾಸಿಗೆ ಬರುತ್ತದೆ. ತುಣುಕಿಗೆ ಒಂದು ಸೆಕೆಂಡ್ ಹಿಡಿದರೂ ಅರ್ಧ ಮೆಗಾಬೈಟು. ‘ಎರಡು – ಸಾವಿರದ – ಮುನ್ನೂರ – ನಲವತ್ತೈದು – ರೂಪಾಯಿ’ ಎಂದು ಐದು ತುಣುಕಿನಲ್ಲಿ ಮೊತ್ತ ಮುಗಿಯಿತು.

ಆದರೆ ಕೇಳಲು ಅದು ಚೆನ್ನಾಗಿರುವುದಿಲ್ಲ. ಅಗ್ಗದ ಪ್ಲೇಯರ್ ಚಿಪ್ಪುಗಳು ಒಂದು ಫೈಲ್ ಮುಗಿಸಿ ಇನ್ನೊಂದನ್ನು ಹುಡುಕಿ ತೆರೆಯುವಷ್ಟರಲ್ಲಿ ಕಿವಿಗೆ ಗೊತ್ತಾಗುವಷ್ಟು ಬಿಡುವು ಬೀಳುತ್ತದೆ. ಐದು ತುಣುಕಿಗೆ ನಾಲ್ಕು ಸಲ ಉಸಿರು ಕಟ್ಟಿದಂತಾಗುತ್ತದೆ. ಇದಕ್ಕೆ ಮದ್ದು ಮೆಮೊರಿಯೇ. ಒಂದರಿಂದ 999ರವರೆಗಿನ ಪ್ರತಿ ಮೊತ್ತವನ್ನೂ ಇಡಿಯಾಗಿ ರೆಕಾರ್ಡ್ ಮಾಡಿಟ್ಟರೆ, ಸರಾಸರಿ ಒಂದೂವರೆ ಸೆಕೆಂಡಿನಂತೆ ಸುಮಾರು 1,500 ಸೆಕೆಂಡ್, ಅಂದರೆ 6 ಮೆಗಾಬೈಟು. ಸಣ್ಣ ಅಂಗಡಿಯ ವ್ಯಾಪಾರದಲ್ಲಿ ಸಾವಿರ ದಾಟುವ ಬಿಲ್ಲು ಅಪರೂಪ. ದಾಟಿದರೂ ನಡುವೆ ಒಂದೆರಡೇ ಬಿಡುವು. ಬಿ.ಟಿ.ಎಂ. ಲೇಔಟಿನಲ್ಲಿ ಕನ್ನಡದ ಜೊತೆಗೆ ತೆಲುಗು, ಹಿಂದಿ, ಇಂಗ್ಲಿಷೂ ಬೇಕೆಂದರೆ 24 ಮೆಗಾಬೈಟು. ಈ ಸಂಖ್ಯೆಯನ್ನು ನೆನಪಿಟ್ಟುಕೊಂಡರೆ ಮುಂದಿನ ತೊಡಕು ಅರ್ಥವಾಗುತ್ತದೆ.

ಹೊರಗಿನ ಮೆಮೊರಿಯಲ್ಲಿ ಮೂರು ಬಗೆ. ಎಂಟು ಕಾಲಿನ ಪುಟ್ಟ ಫ್ಲ್ಯಾಶ್ ಚಿಪ್ಪು, ಮೈಕ್ರೋ ಎಸ್‌ಡಿ ಕಾರ್ಡು, ಪೆನ್‌ಡ್ರೈವು. ಪೆನ್‌ಡ್ರೈವು ಆಟೋ, ಟೆಂಪೋಗಳ ಕಾರ್ ಸ್ಟೀರಿಯೋದಲ್ಲಿ ಎಲ್ಲರೂ ಕಂಡದ್ದೇ. ಕಾರ್ಡಿನೊಳಗೆ ತನ್ನದೇ ನಿಯಂತ್ರಕ ಚಿಪ್ಪು ಇರುತ್ತದೆ. ಕೆಟ್ಟ ಜಾಗಗಳನ್ನು ಅದೇ ಮರೆಮಾಡಿ, ಪ್ಲೇಯರಿಗೆ ನೇರ್ಪಾದ ಲೆಕ್ಕ ಒಪ್ಪಿಸುತ್ತದೆ. ಫ್ಲ್ಯಾಶ್ ಚಿಪ್ಪಿಗೆ ಅಂಥ ಮಧ್ಯವರ್ತಿಯಿಲ್ಲ. ಅಳಿಸಿದಾಗ ಅದರ ಎಲ್ಲ ಬಿಟ್ಟುಗಳೂ 1 ಆಗುತ್ತವೆ; ಬರೆಯುವಾಗ ಒಂದನ್ನು ಸೊನ್ನೆ ಮಾಡಬಹುದೇ ಹೊರತು ಸೊನ್ನೆಯನ್ನು ಒಂದು ಮಾಡಲು ಕನಿಷ್ಠ 4 ಕಿಲೋಬೈಟಿನ ಇಡೀ ತುಂಡನ್ನು ಮತ್ತೆ ಅಳಿಸಬೇಕು. ಬರೆಯುವುದು ಸಲಕ್ಕೆ 256 ಬೈಟಿನ ಪುಟದಂತೆ. ವಿನ್‌ಬಾಂಡ್ ಕಂಪನಿಯ ಡಬ್ಲ್ಯು25ಕ್ಯೂ ಸರಣಿಯ ಚಿಪ್ಪುಗಳು ಒಂದು ಲಕ್ಷ ಸಲ ಅಳಿಸಿ ಬರೆಯುವುದನ್ನು ತಾಳುತ್ತವೆ, ಬರೆದದ್ದನ್ನು 20 ವರ್ಷ ಉಳಿಸಿಕೊಳ್ಳುತ್ತವೆ ಎಂದು ಅವುಗಳ ದಾಖಲೆ ಹೇಳುತ್ತದೆ. ಮೆಮೊರಿ ಚಿಪ್ಪಿನ ದಾಖಲೆ ಹೀಗೆ ಪುಟಗಟ್ಟಲೆ ಸಿಗುತ್ತದೆ. ಅದನ್ನು ಓದುವ ಪ್ಲೇಯರ್ ಚಿಪ್ಪಿನದು ಸಿಗುವುದಿಲ್ಲ. ಈ ವ್ಯತ್ಯಾಸವೇ ಮುಂದೆ ದಾರಿ ತೋರಿಸುವುದು.

ಪ್ಲೇಯರ್ ಚಿಪ್ಪಿಗೆ ದಾಖಲೆ ಯಾಕಿಲ್ಲವೆಂದರೆ ಅದನ್ನು ಬಿಡಿಯಾಗಿ ಕೊಳ್ಳುವ ಹವ್ಯಾಸಿಗಾಗಿ ಯಾರೂ ಮಾಡಿಲ್ಲ. ಚೀನಾದ ಶೆಂಜೆನ್, ಜುಹಾಯ್ ನಗರಗಳ ಕಂಪನಿಗಳು ಲಕ್ಷಗಟ್ಟಲೆ ಕೊಳ್ಳುವ ಆಟಿಕೆ, ಸ್ಪೀಕರ್ ತಯಾರಕರಿಗೆ ಚಿಪ್ಪಿನ ಜೊತೆ ಸಿದ್ಧ ಸರ್ಕಿಟ್ಟನ್ನೂ ಸಾಫ್ಟ್‌ವೇರನ್ನೂ ಕೊಡುತ್ತವೆ. ವಿವರ ಚೀನೀ ಭಾಷೆಯಲ್ಲಿ ಆ ಗಿರಾಕಿಗಷ್ಟೇ. ಅದೇ ಸಿಲಿಕಾನ್ ಬೇರೆ ಬೇರೆ ಹೆಸರು ಹೊತ್ತು ಬರುವುದೂ ಉಂಟು, ಕೆಲವದರ ಮೇಲಿನ ಹೆಸರನ್ನು ಕೆರೆದೇ ಹಾಕಿರುತ್ತಾರೆ. ಹವ್ಯಾಸಿಗಳಿಗೆ ಬಹಳ ಬಳಕೆಯ ಡಿಎಫ್‌ಪ್ಲೇಯರ್ ಮಿನಿ ಎಂಬ ಬೆರಳಗಲದ ಬೋರ್ಡನ್ನೇ ನೋಡಿದರೂ ಸಾಕು. ಮೊದಲಿಗೆ ಅದರ ಮೇಲೆ ವೈಎಕ್ಸ್5200-24ಎಸ್‌ಎಸ್ ಎಂಬ ಚಿಪ್ಪು ಇತ್ತು. ಈಗ ಅದೇ ಅಳತೆಯ, ಅದೇ ಹದಿನಾರು ಕಾಲಿನ ಬೋರ್ಡಿನ ಮೇಲೆ ಎಂಎಚ್2024ಕೆ, ಜಿಡಿ3200ಬಿ ಮೊದಲಾದವೂ ಕೂತು ಬರುತ್ತವೆ. ಬೋರ್ಡಿನ ಹೆಸರು ಒಂದೇ, ನಡತೆ ಮಾತ್ರ ಬೇರೆ.

ಇರುವ ಅಲ್ಪ ದಾಖಲೆಯೂ ಎಂಥದ್ದೆಂಬುದಕ್ಕೆ ಆ ಬೋರ್ಡಿನ ಒಂದು ಆದೇಶವನ್ನು ಹತ್ತಿರದಿಂದ ನೋಡಬಹುದು. ಧ್ವನಿಯನ್ನು ಯಾವ ಮೆಮೊರಿಯಿಂದ ಓದಬೇಕೆಂದು ಹೇಳುವ ಆದೇಶದ ಸಂಖ್ಯೆ 09. ದಾಖಲೆಯ ಪಟ್ಟಿಯಲ್ಲಿ ಆಯ್ಕೆಗಳ ಎಣಿಕೆ ಸೊನ್ನೆಯಿಂದ ಶುರು: ಪೆನ್‌ಡ್ರೈವಿಗೆ 0, ಕಾರ್ಡಿಗೆ 1, ಫ್ಲ್ಯಾಶಿಗೆ 4. ಅದೇ ದಾಖಲೆಯ ಮುಂದಿನ ಉದಾಹರಣೆಯಲ್ಲಿ ಕಾರ್ಡಿಗೆ 2. ಡಿಎಫ್‌ರೋಬೋಟ್ ಕಂಪನಿ ಕೊಡುವ ಪ್ರೋಗ್ರಾಮಿನಲ್ಲೂ ಪೆನ್‌ಡ್ರೈವ್ 1, ಕಾರ್ಡ್ 2, ಫ್ಲ್ಯಾಶ್ 5. ಪಟ್ಟಿಯನ್ನು ನಂಬಿ 4 ಎಂದು ಕಳಿಸಿದವರ ಚಿಪ್ಪು ಫ್ಲ್ಯಾಶ್ ಓದುವ ಬದಲು ನಿದ್ದೆಹೋಗುತ್ತದೆ, ಏಕೆಂದರೆ ಒಂದರಿಂದ ಎಣಿಸಿದಾಗ 4 ಎಂದರೆ ನಿದ್ರೆಯ ಆದೇಶ. ಫ್ಲ್ಯಾಶ್ ಕೆಟ್ಟಿದೆ, ಬೆಸುಗೆ ಸರಿಯಾಗಿಲ್ಲ ಎಂದು ತಾಸುಗಟ್ಟಲೆ ತಡಕಾಡಿ ಬೋರ್ಡನ್ನೇ ಎಸೆಯುವುದು ಇಂಥ ಒಂದು ಅಂಕಿಯ ದೆಸೆಯಿಂದ.

ಹಾಗಾದರೆ ಚಿಪ್ಪಿಗೆ ಬೇಕಾದ ಮೆಮೊರಿ ಯಾವುದೆಂದು ತಿಳಿಯುವುದು ಹೇಗೆ? ಬೋರ್ಡಿನ ಮೇಲೆ ಈಗಾಗಲೇ ಎಂಟು ಕಾಲಿನ ಫ್ಲ್ಯಾಶ್ ಚಿಪ್ಪು ಇದ್ದರೆ ಅರ್ಧ ಕೆಲಸ ಆದಂತೆ. ಅದರ ಕಾಲುಗಳ ಕ್ರಮ ಹೆಚ್ಚುಕಡಿಮೆ ಎಲ್ಲ ಕಂಪನಿಗಳಲ್ಲೂ ಒಂದೇ: ಚುಕ್ಕಿಯ ಪಕ್ಕದ 1ನೆಯದು ಚಿಪ್ಪನ್ನು ಕರೆಯುವ ಸಾಲು, 2 ಹೊರಬರುವ ದತ್ತಾಂಶ, 4 ನೆಲ (ಗ್ರೌಂಡ್), 5 ಒಳಹೋಗುವ ದತ್ತಾಂಶ, 6 ಗಡಿಯಾರ (ಕ್ಲಾಕ್), 8 ವಿದ್ಯುತ್ತು. ಉಳಿದ 3 ಮತ್ತು 7, ಬರೆಯದಂತೆ ತಡೆಯಲು ಮತ್ತು ನಡುವೆ ನಿಲ್ಲಿಸಲು. 1, 2, 5, 6ನೇ ಕಾಲುಗಳಿಗೆ ಲಾಜಿಕ್ ಅನಲೈಸರ್ ಎಂಬ ಸಣ್ಣ ಉಪಕರಣದ ತಂತಿ ಸಿಕ್ಕಿಸಿ ಬೋರ್ಡಿಗೆ ವಿದ್ಯುತ್ ಕೊಟ್ಟರೆ, ಪ್ಲೇಯರ್ ಮತ್ತು ಮೆಮೊರಿ ಆಡುವ ಮಾತೆಲ್ಲ ಕಂಪ್ಯೂಟರಿನ ಪರದೆಯ ಮೇಲೆ ಬೀಳುತ್ತದೆ. ಎಂಟು ಸಾಲುಗಳನ್ನು ಸೆಕೆಂಡಿಗೆ 2.4 ಕೋಟಿ ಸಲ ನೋಡುವ ಅಗ್ಗದ ಅನಲೈಸರೂ ಪಲ್ಸ್‌ವ್ಯೂ ಎಂಬ ಉಚಿತ ಸಾಫ್ಟ್‌ವೇರೂ ಈ ಕೆಲಸಕ್ಕೆ ಸಾಕು. ಇಂಥ ಸಾಮಾನಿಗೆ ಊರಿನ ಹಳೆಯ ವಿಳಾಸ ಎಸ್.ಪಿ. ರಸ್ತೆ. ಜಯನಗರ ನಿಲ್ದಾಣದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ನಾಲ್ಕನೆಯ ನಿಲ್ದಾಣ ಕೆ.ಆರ್. ಮಾರ್ಕೆಟ್, ಅಲ್ಲಿಂದ ನಡೆಯುವಷ್ಟು ದೂರ.

ಪರದೆಯ ಮೇಲೆ ಸಾಮಾನ್ಯವಾಗಿ ಮೊದಲಿಗೇ ಕಾಣುವ ಬೈಟು 9ಎಫ್. ‘ನೀನು ಯಾರು?’ ಎಂದು ಪ್ಲೇಯರ್ ಮೆಮೊರಿಯನ್ನು ಕೇಳುವ ಪ್ರಶ್ನೆ ಅದು. ಮೆಮೊರಿ ಮೂರು ಬೈಟಿನ ಉತ್ತರ ಕೊಡುತ್ತದೆ. ಉತ್ತರ ಇಎಫ್ 40 15 ಎಂದಿದ್ದರೆ, ಇಎಫ್ ಎಂದರೆ ವಿನ್‌ಬಾಂಡ್, 40 ಎಂದರೆ ಈ ಜಾತಿಯ ಫ್ಲ್ಯಾಶ್, ಕೊನೆಯದು ಅಳತೆ. ಹದಿನಾರರ ಎಣಿಕೆಯ 15 ಎಂದರೆ ನಮ್ಮ ಎಣಿಕೆಯ 21. ಎರಡನ್ನು ಇಪ್ಪತ್ತೊಂದು ಸಲ ಗುಣಿಸಿದರೆ 20,97,152 ಬೈಟು, ಅಂದರೆ 2 ಮೆಗಾಬೈಟು. 17 ಎಂದಿದ್ದರೆ 8 ಮೆಗಾಬೈಟು, 18 ಎಂದಿದ್ದರೆ 16. ಮೊದಲ ಬೈಟು ಸಿ2 ಆದರೆ ಮ್ಯಾಕ್ರೋನಿಕ್ಸ್, ಸಿ8 ಆದರೆ ಗಿಗಾಡಿವೈಸ್. ಪ್ಲೇಯರ್ ಈ ಪ್ರಶ್ನೆಯನ್ನೇ ಕೇಳದೆ ಸೀದಾ ಓದಲು ತೊಡಗಿದರೆ ಅದು ಒಳ್ಳೆಯ ಸುದ್ದಿ. ಯಾವ ಮೆಮೊರಿ ಕೂತಿದೆ ಎಂಬ ಗೊಡವೆ ಅದಕ್ಕಿಲ್ಲ. ಕೇಳಿದರೆ, ಉತ್ತರ ಬದಲಾದಾಗ ಅದು ಏನು ಮಾಡುತ್ತದೆಂದು ಪರೀಕ್ಷಿಸಿಯೇ ತಿಳಿಯಬೇಕು.

ಆಮೇಲೆ ಬರುವುದು ಓದುವ ಆದೇಶ 03, ಅದರ ಹಿಂದೆ ಮೂರು ಬೈಟಿನ ವಿಳಾಸ. ಯಾವ ವಿಳಾಸದಿಂದ ಓದಲು ಶುರುಮಾಡಿತು, ಅಲ್ಲಿಂದ ಎಲ್ಲಿಗೆ ಹಾರಿತು ಎಂಬುದನ್ನು ಬರೆದುಕೊಳ್ಳುತ್ತ ಹೋದರೆ ಮೆಮೊರಿಯ ಒಳವಿನ್ಯಾಸ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮೊದಲ 512 ಬೈಟನ್ನು ಓದಿ ಅದರ ಕೊನೆಯಲ್ಲಿ 55 ಎಎ ಎಂಬ ಗುರುತು ಸಿಕ್ಕರೆ, ಒಳಗಿರುವುದು ಪೆನ್‌ಡ್ರೈವಿನಲ್ಲಿರುವಂಥದೇ ಫೈಲ್ ವ್ಯವಸ್ಥೆ. ಜೆಕ್ಯೂ8400 ಮಾದರಿಯ ಬೋರ್ಡುಗಳನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಪುಟ್ಟ ಡಿಸ್ಕಾಗಿಯೇ ಕಾಣಿಸುತ್ತವೆ, ಎಂಪಿ3 ಫೈಲನ್ನು ಎಳೆದು ಹಾಕಿದರಾಯಿತು. ಅದೇ ಕುಲದ ಜೆಕ್ಯೂ6500 ಬೇರೆಯೇ ಹಾದಿ ಹಿಡಿದಿದೆ. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಸಿ.ಡಿ. ಡ್ರೈವೊಂದು ಪ್ರತ್ಯಕ್ಷವಾಗುತ್ತದೆ, ಅದರೊಳಗೆ ಚೀನೀ ಅಕ್ಷರಗಳ ಒಂದು ವಿಂಡೋಸ್ ಪ್ರೋಗ್ರಾಮು. ಹಾಡು ತುಂಬಬೇಕಾದದ್ದು ಆ ಪ್ರೋಗ್ರಾಮಿನ ಮೂಲಕ. ಅದು ಇರುವುದಾದರೂ ಎಲ್ಲಿ? ಹಾಡು ತುಂಬುವ ಅದೇ ಫ್ಲ್ಯಾಶ್ ಚಿಪ್ಪಿನ ಮೊದಲ ಭಾಗದಲ್ಲಿ. ದೊಡ್ಡ ಮೆಮೊರಿ ಹಾಕುವ ಹುಮ್ಮಸ್ಸಿನಲ್ಲಿ ಹಳೆಯ ಚಿಪ್ಪನ್ನು ಕಿತ್ತು ಖಾಲಿ ಚಿಪ್ಪು ಕೂರಿಸಿದರೆ ಹಾಡಿನ ಜೊತೆ ಹಾಡು ತುಂಬುವ ಸಾಧನವೂ ಮಾಯವಾಗುತ್ತದೆ, ಬೋರ್ಡು ಮೂಕವಾಗಿ ಕೂರುತ್ತದೆ.

ಆದ್ದರಿಂದ ಈ ಕೆಲಸದಲ್ಲಿ ಮೊದಲ ಹೆಜ್ಜೆ ಬೆಸುಗೆಯಲ್ಲ, ನಕಲು. ಹಳೆಯ ಮೆಮೊರಿಯಲ್ಲಿರುವುದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬೇಕು. ಸಿಎಚ್341ಎ ಎಂಬ ಅಗ್ಗದ ಪ್ರೋಗ್ರಾಮರೂ ಫ್ಲ್ಯಾಶ್‌ರಾಮ್ ಎಂಬ ಉಚಿತ ಸಾಫ್ಟ್‌ವೇರೂ ಇದಕ್ಕೆ ಬಳಕೆಯಲ್ಲಿವೆ. ಎರಡು ಸಲ ಓದಿ, ಎರಡೂ ಫೈಲು ಬೈಟು ಬೈಟಿಗೂ ಒಂದೇ ಎಂದು ಖಾತ್ರಿಯಾದ ಮೇಲೆಯೇ ಮುಂದಿನ ಮಾತು. ಚಿಪ್ಪನ್ನು ಬೋರ್ಡಿನಲ್ಲೇ ಬಿಟ್ಟು ಮೇಲಿಂದ ಕ್ಲಿಪ್ಪು ಹಾಕಿ ಓದಲು ಹೋದರೆ ಎಷ್ಟೋ ಸಲ ಎರಡು ಓದು ಹೊಂದುವುದಿಲ್ಲ. ಕ್ಲಿಪ್ಪಿನಿಂದ ಹೋದ ವಿದ್ಯುತ್ತು ಪ್ಲೇಯರ್ ಚಿಪ್ಪನ್ನೂ ಎಬ್ಬಿಸುತ್ತದೆ, ಒಂದೇ ಸಾಲಿನ ಮೇಲೆ ಇಬ್ಬರೂ ಮಾತಾಡತೊಡಗುತ್ತಾರೆ. ಚಿಪ್ಪನ್ನು ಬಿಡಿಸಿ ಓದುವುದೇ ಲೇಸು. ಇನ್ನೊಂದು ಎಚ್ಚರಿಕೆ: ಈ ಮೆಮೊರಿಗಳು 2.7ರಿಂದ 3.6 ವೋಲ್ಟಿನವು, ಕಪ್ಪು ಬಣ್ಣದ ಹಳೆಯ ಸಿಎಚ್341ಎ ಬೋರ್ಡುಗಳು ದತ್ತಾಂಶದ ಸಾಲಿನಲ್ಲಿ 5 ವೋಲ್ಟ್ ಬಿಡುತ್ತವೆ. ಚಿಪ್ಪುಗಳು ಇದನ್ನು ಹಲವು ಸಲ ಸಹಿಸಿಕೊಳ್ಳುತ್ತವೆ, ಆದರೆ ಇರುವ ಒಂದೇ ಪ್ರತಿಯ ಮೇಲೆ ಆ ಪರೀಕ್ಷೆ ಬೇಡ. ಮಾತಿನ ಪೆಟ್ಟಿಗೆಗಳಲ್ಲಿ ಈ ಒಂದೇ ಪ್ರತಿಯ ಬೆಲೆ ದೊಡ್ಡದು. ನಮ್ಮ ಮೆಟ್ರೊದ ಕನ್ನಡ ಪ್ರಕಟಣೆಗಳಿಗೆ ದನಿಯಾದ ಅಪರ್ಣಾ 2024ರ ಜುಲೈನಲ್ಲಿ ತೀರಿಕೊಂಡರು. ಅಂಥ ದನಿಯ ಮಾತು ಅಳಿಸಿಹೋದರೆ ಮತ್ತೆ ರೆಕಾರ್ಡ್ ಮಾಡಿಸುವ ಮಾತೇ ಇಲ್ಲ.

ನಕಲಿನ ಫೈಲನ್ನು, ಬೈಟುಗಳನ್ನು ಹದಿನಾರರ ಎಣಿಕೆಯಲ್ಲಿ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದರೆ ದಾಖಲೆಯಲ್ಲಿ ಇಲ್ಲದ ಬಹಳಷ್ಟು ಸಂಗತಿ ಕಣ್ಣಿಗೆ ಬೀಳುತ್ತದೆ. ಎಂಪಿ3 ಚೌಕಟ್ಟುಗಳು ಸಾಮಾನ್ಯವಾಗಿ ಎಫ್‌ಎಫ್ ಎಫ್‌ಬಿ ಎಂದು, ಕಡಿಮೆ ದರ್ಜೆಯ ಧ್ವನಿಯಾದರೆ ಎಫ್‌ಎಫ್ ಎಫ್3 ಎಂದು ಶುರುವಾಗುತ್ತವೆ. ಅವನ್ನು ಹುಡುಕಿದರೆ ಹಾಡು ಎಲ್ಲಿಂದ ಎಲ್ಲಿಗೆ ಎಂದು ಗೊತ್ತಾಗುತ್ತದೆ. ಹಾಡಿಗೂ ಮುಂಚೆ ಇರುವ ಸಣ್ಣ ಕೋಷ್ಟಕದಲ್ಲಿ ಆ ವಿಳಾಸಗಳು, ಉದ್ದಗಳು ಕಂಡರೆ, ಹೊಸ ಕೋಷ್ಟಕವನ್ನು ಕೈಯಾರೆ ಕಟ್ಟುವುದೂ ಸಾಧ್ಯ. ಫೈಲಿನ ಕೊನೆಯಲ್ಲಿ ಬರೀ ಎಫ್‌ಎಫ್ ತುಂಬಿದ್ದರೆ ಅದು ಖಾಲಿ ಜಾಗ. ಎರಡು ಹಾಡು ತುಂಬಿ ಒಂದು ನಕಲು, ಮೂರು ಹಾಡು ತುಂಬಿ ಇನ್ನೊಂದು ನಕಲು ತೆಗೆದು ಹೋಲಿಸುವುದು ಬಹಳ ಫಲ ಕೊಡುವ ಉಪಾಯ. ಹೊಸ ಹಾಡಿನದನ್ನು ಬಿಟ್ಟು ಬದಲಾದ ಬೈಟುಗಳಿರುವುದೇ ಕೋಷ್ಟಕದಲ್ಲಿ.

ಇಷ್ಟಾದ ಮೇಲೆ ಹೊಸ ಚಿಪ್ಪು ಕೂರಿಸುವುದು ಕೈಕೆಲಸ. ಹಳೆಯ ನಕಲನ್ನು ಹೊಸ, ದೊಡ್ಡ ಚಿಪ್ಪಿನ ಆರಂಭಕ್ಕೆ ಬರೆದು, ಅದೇ ಜಾಗದಲ್ಲಿ ಬೆಸುಗೆ ಹಾಕಿ, ಹಳೆಯದೆಲ್ಲ ಮೊದಲಿನಂತೆ ನುಡಿಯುತ್ತದೆಯೇ ಎಂದು ನೋಡಿ, ಆಮೇಲೆ ಹೆಚ್ಚಿನ ಜಾಗ ಬಳಸಬೇಕು. ಕೊಳ್ಳುವಾಗ ಮೈಯಗಲ ನೋಡಿಕೊಳ್ಳುವುದು ಮುಖ್ಯ. ಎಂಟು ಕಾಲಿನ ಈ ಚಿಪ್ಪುಗಳು 150 ಮಿಲ್, 208 ಮಿಲ್ ಎಂಬ ಎರಡು ಅಗಲದಲ್ಲಿ ಬರುತ್ತವೆ, 8 ಮತ್ತು 16 ಮೆಗಾಬೈಟಿನವು ಅಂಗಡಿಯಲ್ಲಿ ಹೆಚ್ಚಾಗಿ ಅಗಲದವೇ. ಇಕ್ಕಟ್ಟಿನ ಜಾಗಕ್ಕೆ ತಂದರೆ ಕಾಲುಗಳನ್ನು ಒಳಕ್ಕೆ ಮಡಿಸಬೇಕಾಗುತ್ತದೆ. ಮೆಮೊರಿಯೇ ಇಲ್ಲದ ಬೋರ್ಡಿಗೆ ಹೊಸದಾಗಿ ಸೇರಿಸುವುದಾದರೆ 3 ಮತ್ತು 7ನೇ ಕಾಲನ್ನು ತೇಲಬಿಡದೆ ವಿದ್ಯುತ್ತಿನ ಸಾಲಿಗೆ ಕಟ್ಟಬೇಕು, 8 ಮತ್ತು 4ರ ನಡುವೆ 0.1 ಮೈಕ್ರೋಫ್ಯಾರಡಿನ ಕೆಪಾಸಿಟರ್ ಇಡಬೇಕು, ತಂತಿ ಗಿಡ್ಡವಾಗಿರಬೇಕು. ಒಮ್ಮೆ ಸರಿ, ಒಮ್ಮೆ ಗೊರಗೊರ ಎನ್ನುವ ಪ್ಲೇಯರುಗಳ ಕಾಯಿಲೆ ಬಹುಪಾಲು ಈ ಮೂರರಲ್ಲೊಂದು.

ಇಲ್ಲಿಂದ ಮುಂದೆ ಒಂದು ಗೋಡೆಯಿದೆ. ಓದುವ ಆದೇಶದ ಹಿಂದೆ ಬರುವ ವಿಳಾಸ ಮೂರೇ ಬೈಟು. 24 ಬಿಟ್ಟಿನಲ್ಲಿ ಎಣಿಸಬಹುದಾದ ಜಾಗ 1,67,77,216 ಬೈಟು, ಅಂದರೆ 16 ಮೆಗಾಬೈಟು. ಅದಕ್ಕೂ ದೊಡ್ಡದಾದ ಡಬ್ಲ್ಯು25ಕ್ಯೂ256ನಂಥ ಚಿಪ್ಪಿನ ಪೂರ್ತಿ ಜಾಗ ಬೇಕೆಂದರೆ ನಾಲ್ಕು ಬೈಟಿನ ವಿಳಾಸ ಬೇಕು. ಆ ಕ್ರಮಕ್ಕೆ ಬದಲಾಯಿಸುವ ಬಿ7 ಎಂಬ ಆದೇಶವನ್ನು ಪ್ಲೇಯರೇ ಕಳಿಸಬೇಕು. ಅದು ಅದರ ಒಳಗಿನ ಪ್ರೋಗ್ರಾಮಿನಲ್ಲಿಲ್ಲದಿದ್ದರೆ, ಎಷ್ಟು ದೊಡ್ಡ ಚಿಪ್ಪು ಕೂರಿಸಿದರೂ 16 ಮೆಗಾಬೈಟಿನಾಚೆ ಕತ್ತಲೆ. ನಾಲ್ಕು ಭಾಷೆಯ ಸೌಂಡ್‌ಬಾಕ್ಸಿಗೆ ಬೇಕಾದ 24 ಮೆಗಾಬೈಟು ಹೀಗೆ ಕೈತಪ್ಪುತ್ತದೆ. ಎರಡು ಭಾಷೆ ಹಿಡಿಸುವ 16 ಮೆಗಾಬೈಟಿನ ಎರಡು ಚಿಪ್ಪುಗಳನ್ನು ಒಂದರ ಮೇಲೊಂದು ಕೂರಿಸಿ, 1ನೇ ಕಾಲನ್ನು ಮಾತ್ರ ಬೇರೆ ಮಾಡಿ ಸ್ವಿಚ್ಚಿನ ಮೂಲಕ ಕೊಡುವುದು ಇದಕ್ಕೊಂದು ಹಳೆಯ ಉಪಾಯ. ಸ್ವಿಚ್ಚು ಒಂದು ಕಡೆಗಿದ್ದರೆ ಕನ್ನಡ, ತೆಲುಗು. ಇನ್ನೊಂದು ಕಡೆಗಿದ್ದರೆ ಹಿಂದಿ, ಇಂಗ್ಲಿಷ್. ಕರೆಯದ ಚಿಪ್ಪು ನಡುವೆ ಬಾಯಿ ಹಾಕದಂತೆ ಎರಡರ 1ನೇ ಕಾಲಿಗೂ 10 ಕಿಲೋಓಮ್ ರೆಸಿಸ್ಟರ್ ಹಾಕಿ ವಿದ್ಯುತ್ತಿನ ಸಾಲಿಗೆ ಎಳೆದಿಡಬೇಕು. ಬದಲಾಯಿಸಿದಾಗೆಲ್ಲ ಪ್ಲೇಯರನ್ನು ಆರಿಸಿ ಹೊತ್ತಿಸಬೇಕು. ಅದು ಕೋಷ್ಟಕವನ್ನು ಓದುವುದು ಎದ್ದ ಕೂಡಲೇ, ಒಂದೇ ಸಲ. ಪ್ಲೇಯರಿಗೆ ಈ ಅದಲುಬದಲು ಗೊತ್ತೇ ಆಗುವುದಿಲ್ಲ.

ಇಷ್ಟೆಲ್ಲ ಯಾಕೆ, ಕಾರ್ಡು ಹಾಕಿದರಾಗದೇ ಎಂಬ ಪ್ರಶ್ನೆ ಸಹಜ. ಪ್ಲೇಯರಿಗೆ ಕಾರ್ಡಿನ ಸಾಲುಗಳಿದ್ದರೆ ಅದೇ ಸರಿ. ಡಿಎಫ್‌ಪ್ಲೇಯರ್ ಮಿನಿಯಂಥ ಬೋರ್ಡು 32 ಗಿಗಾಬೈಟಿನವರೆಗಿನ ಕಾರ್ಡು ಒಪ್ಪುತ್ತದೆ. ಹಾಡಿನ ಗುಣಮಟ್ಟದಲ್ಲೇ 550 ಗಂಟೆಗೂ ಹೆಚ್ಚು. ಇಲ್ಲಿನ ಮಿತಿ ವಿಳಾಸದ್ದಲ್ಲ, ಫಾರ್ಮ್ಯಾಟಿನದು. 32 ಗಿಗಾಬೈಟಿಗೂ ಮೇಲಿನ ಕಾರ್ಡುಗಳು ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟಿನಲ್ಲಿ ಬರುತ್ತವೆ, ಈ ಚಿಪ್ಪುಗಳಿಗೆ ಗೊತ್ತಿರುವುದು ಫ್ಯಾಟ್16, ಫ್ಯಾಟ್32 ಅಷ್ಟೇ. ಇದಕ್ಕೂ ಮುಂಚಿನ ಡಬ್ಲ್ಯುಟಿವಿ020 ಬೋರ್ಡಂತೂ 1 ಗಿಗಾಬೈಟಿನ ಕಾರ್ಡಿಗೇ ಸುಸ್ತಾಗುತ್ತಿತ್ತು, ಎಂಪಿ3 ತಿಳಿಯದೆ ಎಡಿ4 ಎಂಬ ತನ್ನದೇ ಬಗೆಯ ಫೈಲು ಕೇಳುತ್ತಿತ್ತು.

ಕಾರ್ಡಿನ ವಿಷಯದಲ್ಲಿ ತಿಳಿದಿರಬೇಕಾದ ಒಂದು ಗುಟ್ಟಿದೆ. ‘ಮೂರನೆಯ ಹಾಡು ನುಡಿಸು’ ಎಂದು ಪ್ಲೇಯರಿಗೆ ಕಳಿಸುವ 03ನೇ ಆದೇಶಕ್ಕೆ (ಫ್ಲ್ಯಾಶ್ ಓದುವ 03 ಬೇರೆ) ಚಿಪ್ಪು ಫೈಲಿನ ಹೆಸರನ್ನು ನೋಡುವುದೇ ಇಲ್ಲ. ಕಾರ್ಡಿನ ಕೋಷ್ಟಕದಲ್ಲಿ ಮೂರನೆಯದಾಗಿ ಬರೆಯಲಾದ ಫೈಲನ್ನು ನುಡಿಸುತ್ತದೆ. ನೂರಾರು ಫೈಲುಗಳನ್ನು ಒಟ್ಟಿಗೆ ಎಳೆದು ಹಾಕಿದರೆ ಕಂಪ್ಯೂಟರು ತನಗೆ ತೋಚಿದ ಕ್ರಮದಲ್ಲಿ ಬರೆಯುತ್ತದೆ, ‘ಐವತ್ತು’ ಎನ್ನಬೇಕಾದಲ್ಲಿ ‘ಹದಿನೇಳು’ ಎನ್ನುತ್ತದೆ. ಮ್ಯಾಕ್ ಕಂಪ್ಯೂಟರಿನಲ್ಲಿ ತುಂಬಿದರೆ ಇನ್ನೊಂದು ಗೋಳು: ಪ್ರತಿ ಫೈಲಿನ ಜೊತೆಗೂ ಕಣ್ಣಿಗೆ ಕಾಣದ ಒಂದು ಸಣ್ಣ ಫೈಲು ಸೇರಿಕೊಂಡು, ಚಿಪ್ಪು ಅದನ್ನೂ ಹಾಡೆಂದೇ ಎಣಿಸುತ್ತದೆ. ಪಾರಾಗುವ ದಾರಿ, ‘ಎಂಪಿ3’ ಎಂಬ ಹೆಸರಿನ ಫೋಲ್ಡರು ಮಾಡಿ ಅದರೊಳಗೆ 0001, 0002 ಎಂದು ನಾಲ್ಕಂಕಿಯ ಹೆಸರಿಟ್ಟು, 03ರ ಬದಲು 12ನೇ ಆದೇಶ ಬಳಸುವುದು. ಈ ಆದೇಶ ಹೆಸರನ್ನೇ ನೋಡುತ್ತದೆ. ಒಂದರಿಂದ 999ರವರೆಗಿನ ಮೊತ್ತಗಳಿಗೆ ಇದಕ್ಕಿಂತ ಅನುಕೂಲದ ಏರ್ಪಾಟು ಬೇಕಿಲ್ಲ; ಮೊತ್ತವೇ ಫೈಲಿನ ಹೆಸರು.

ಆದೇಶ ಕಳಿಸುವ ರೀತಿಯೂ ಒಮ್ಮೆ ನೋಡತಕ್ಕದ್ದು. ಸೆಕೆಂಡಿಗೆ 9,600 ಬಿಟ್ಟಿನ ವೇಗದಲ್ಲಿ ಹತ್ತು ಬೈಟು: ಕಾರ್ಡನ್ನು ಆರಿಸಿಕೊಳ್ಳಲು 7ಇ ಎಫ್‌ಎಫ್ 06 09 00 00 02 ಎಫ್‌ಇ ಎಫ್0 ಇಎಫ್. ಮೊದಲಿನ 7ಇ, ಕೊನೆಯ ಇಎಫ್ ಬರೀ ಆವರಣ. ಎಫ್‌ಇ ಎಫ್0 ಎಂಬುದು ತಾಳೆ ನೋಡುವ ಮೊತ್ತ; ಎಫ್‌ಎಫ್‌ನಿಂದ 02ರವರೆಗಿನದನ್ನು ಕೂಡಿದರೆ 272, ಅದನ್ನು 65,536ರಿಂದ ಕಳೆದರೆ ಉಳಿಯುವುದು ಇದೇ. ಎಂಎಚ್2024ಕೆ-16ಎಸ್‌ಎಸ್ ಕೂತ ಬೋರ್ಡುಗಳಿಗೆ ಈ ತಾಳೆಯ ಮೊತ್ತ ಬೇಡ, ಎಂಟೇ ಬೈಟು ಸಾಕು. ಹತ್ತು ಕಳಿಸಿದರೆ ಕೇಳಿಸಿಕೊಳ್ಳುವುದಿಲ್ಲ. ಮೆಮೊರಿ ಓದುತ್ತಿಲ್ಲ ಎಂದು ತೋರುವ ದೋಷ ಅಸಲಿಗೆ ಆದೇಶದ್ದಾಗಿರಬಹುದು. ಎರಡನ್ನೂ ಬೇರ್ಪಡಿಸಲು ಸುಲಭದ ದಾರಿ, ಎಡಿಕೀ ಎಂಬ ಕಾಲನ್ನು ಒಂದು ತಂತಿಯಿಂದ ನೆಲಕ್ಕೆ ಮುಟ್ಟಿಸುವುದು. ಹಾಡು ಬಂದರೆ ಕಾರ್ಡೂ ಫಾರ್ಮ್ಯಾಟೂ ಸರಿಯಿವೆ, ತಪ್ಪು ಆದೇಶದಲ್ಲಿದೆ.

ಹಾಗಿದ್ದೂ ಫ್ಲ್ಯಾಶ್ ಚಿಪ್ಪೇ ಮೇಲೆನಿಸುವ ಸಂದರ್ಭಗಳಿವೆ. ಗುಂಡಿ ಬಿದ್ದ ರಸ್ತೆಯಲ್ಲಿ ದಿನವಿಡೀ ಕುಲುಕುವ ಗಾಡಿಯಲ್ಲಿ ಕಾರ್ಡಿನ ಸಾಕೆಟ್ಟು ಸಡಿಲವಾಗುತ್ತದೆ. ಬೆಸುಗೆ ಹಾಕಿದ ಚಿಪ್ಪು ಅಲುಗುವುದಿಲ್ಲ. ಅಗ್ಗದ ಕಾರ್ಡುಗಳಲ್ಲಿ ನಕಲಿಯ ಕಾಟವೂ ಇದೆ. 32 ಗಿಗಾಬೈಟೆಂದು ಹೇಳಿಕೊಳ್ಳುವ ಕಾರ್ಡು ನಿಜಕ್ಕೂ 4 ಇದ್ದರೆ, ಮೊದಲ ಹಾಡುಗಳು ಸರಿಯಾಗಿ ಬಂದು ಕೊನೆಯವು ಕೆಡುತ್ತವೆ. ಎಚ್2ಟೆಸ್ಟ್‌ಡಬ್ಲ್ಯು ಅಥವಾ ಎಫ್3 ಎಂಬ ಉಚಿತ ಪ್ರೋಗ್ರಾಮಿನಿಂದ ಕಾರ್ಡನ್ನು ಪೂರ್ತಿ ತುಂಬಿ, ಓದಿ ನೋಡಿದರೆ ಇದು ಬಯಲಾಗುತ್ತದೆ.

ದಾಖಲೆ ಇರುವ ಚಿಪ್ಪುಗಳೇ ಇಲ್ಲವೆಂದಲ್ಲ. ಫಿನ್ಲೆಂಡಿನ ವಿಎಲ್‌ಎಸ್‌ಐ ಸೊಲ್ಯೂಷನ್ ಕಂಪನಿಯ ವಿಎಸ್1053 ಚಿಪ್ಪಿಗೆ ಪ್ರತಿ ರಿಜಿಸ್ಟರಿನ ವಿವರವೂ ಸಾರ್ವಜನಿಕವಾಗಿದೆ. ಅದು ಮೆಮೊರಿಯ ಗೊಡವೆಗೇ ಹೋಗುವುದಿಲ್ಲ. ಪಕ್ಕದ ಮೈಕ್ರೋಕಂಟ್ರೋಲರ್ ಎಲ್ಲಿಂದಾದರೂ ಬೈಟು ತಂದು ಸುರಿದರೆ ಬಿಡಿಸಿ ನುಡಿಸುತ್ತದೆ. ಈಗ ಇಎಸ್‌ಪಿ32ನಂಥ ಮೈಕ್ರೋಕಂಟ್ರೋಲರುಗಳೇ ಎಂಪಿ3ಯನ್ನು ಸಾಫ್ಟ್‌ವೇರಿನಲ್ಲಿ ಬಿಡಿಸುವಷ್ಟು ಚುರುಕಾಗಿವೆ. ಎಂಪಿ3ಯ ಪರವಾನಗಿ ಕೊಡುವ ಪದ್ಧತಿಯನ್ನು ಅದರ ಒಡೆಯರು 2017ರಲ್ಲಿ ಕೊನೆಗೊಳಿಸಿದ ಮೇಲೆ ಆ ಅಡ್ಡಿಯೂ ಇಲ್ಲ. ಈ ದಾರಿಯಲ್ಲಿ 16 ಮೆಗಾಬೈಟಿನ ಗೋಡೆಯನ್ನು ಪ್ರೋಗ್ರಾಂ ಬರೆಯುವವರೇ ದಾಟಬಹುದು, ತುಣುಕುಗಳ ನಡುವಿನ ಬಿಡುವನ್ನೂ ಅಳಿಸಬಹುದು. ಪ್ರೋಗ್ರಾಂ ಬರೆಯಲು ಮಾತ್ರ ಬರಬೇಕು. ನೂರಿನ್ನೂರು ರೂಪಾಯಿಯ ಬೋರ್ಡಿಗೆ ಆ ಹಂಗಿಲ್ಲವಾದ್ದರಿಂದಲೇ ಅದರ ಮಾರಾಟ ನಿಂತಿಲ್ಲ.

ಒಂದೇ ಬಗೆಯ ಹಲವು ಪೆಟ್ಟಿಗೆ ಮಾಡುವವರು ಬೋರ್ಡುಗಳನ್ನು ಒಂದೇ ಕಂತಿನಲ್ಲಿ ಕೊಂಡು, ಪ್ರತಿಯೊಂದರ ಚಿಪ್ಪಿನ ಮೇಲಿನ ಹೆಸರನ್ನು ಭೂತಗನ್ನಡಿಯಲ್ಲಿ ಓದಿ ವಿಂಗಡಿಸಿಕೊಳ್ಳುವುದು ರೂಢಿ. ಹೊಸ ಕಂತು ಬಂದಾಗ ಮೊದಲ ಬೋರ್ಡಿಗೆ ಅನಲೈಸರ್ ಸಿಕ್ಕಿಸಿ, 9ಎಫ್ ಪ್ರಶ್ನೆ, ಮೊದಲು ಓದುವ ವಿಳಾಸ, ಆದೇಶಕ್ಕೆ ಕೊಡುವ ಉತ್ತರ ಈ ಮೂರನ್ನೂ ಹಳೆಯದರ ಜೊತೆ ತಾಳೆ ನೋಡುತ್ತಾರೆ. ಹೊಂದಿದರೆ ಅದೇ ಮೆಮೊರಿ ಫೈಲನ್ನು ಎಲ್ಲ ಚಿಪ್ಪುಗಳಿಗೂ ಬರೆದು ಬೆಸುಗೆಗೆ ಕಳಿಸುತ್ತಾರೆ. ಹೊಂದದಿದ್ದರೆ ಆ ಕಂತಿಗೆ ಬೇರೆಯೇ ಫೈಲು.